ಮನೆಯಲ್ಲಿ ಗುಪ್ತ ಜಾಗ: ಕಳ್ಳನಿಗೆ ಕಾಣಬಾರದು, ಮನೆಯವರಿಗೆ ಮರೆಯಬಾರದು

ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ, ಮಂಗಳವೇಢೆ ತಾಲ್ಲೂಕುಗಳಲ್ಲಿ ಮತ್ತು ಸಾಂಗ್ಲಿ ಜಿಲ್ಲೆಯ ಜತ್ತ ಭಾಗದಲ್ಲಿ ಸುಗ್ಗಿ ಮುಗಿಯುತ್ತಲೇ ಮನೆ ಕೆಲಸಗಳು ಶುರುವಾಗುತ್ತವೆ. ಹಳೆಯ ಮಾಳಿಗೆ ಮನೆಯನ್ನು ಪೂರ್ತಿ ಕೆಡವಿ ಹೊಸದು ಕಟ್ಟುವವರು ಕೆಲವರು. ಮುಂದಿನ ಪಡಸಾಲೆ, ದೇವರಮನೆಗಳನ್ನು ಹಾಗೇ ಉಳಿಸಿಕೊಂಡು ಹಿಂದೆ ಎರಡು ಆರ್‌ಸಿಸಿ ಕೋಣೆ ಏರಿಸುವವರು ಇನ್ನು ಕೆಲವರು. ಮಳೆಗಾಲದೊಳಗೆ ಸ್ಲ್ಯಾಬ್ ಹಾಕಿ ಮುಗಿಸಬೇಕೆಂಬ ಆತುರ ಇಬ್ಬರಿಗೂ ಇರುತ್ತದೆ.

ಈ ಗಡಿಬಿಡಿಯಲ್ಲಿ ಮನೆಯ ಹಿರಿಯರು ಗೌಂಡಿಯನ್ನು ಬದಿಗೆ ಕರೆದು ಹೇಳುವ ಮಾತೊಂದಿದೆ: 'ಬಂಗಾರ, ಕಾಗದಪತ್ರ ಇಡಾಕ ಯಾರ ಕಣ್ಣಿಗೂ ಬೀಳದಂಥ ಒಂದು ಜಾಗಾ ಮಾಡಪ್ಪ.' ಕೇಳುವುದರಲ್ಲಿ ತಪ್ಪೇನೂ ಇಲ್ಲ. ಹೊಲದ ಕೆಲಸದ ದಿನಗಳಲ್ಲಿ ಇಡೀ ಮನೆ ಬೀಗ ಹಾಕಿಕೊಂಡಿರುತ್ತದೆ. ಮಕ್ಕಳು ಪುಣೆ, ಮುಂಬೈಗಳಲ್ಲಿದ್ದು ಮನೆಯಲ್ಲಿ ಮುದುಕರಿಬ್ಬರೇ ಇರುವುದೂ ಉಂಟು. ಆದರೆ ಗುಪ್ತ ಜಾಗ ಮಾಡುವ ಹುರುಪಿನಲ್ಲಿ ಗೋಡೆಯ ಶಕ್ತಿ ಕಳೆಯಬಾರದು, ಉಸಿರಾಡುವ ಗಾಳಿ ತಪ್ಪಬಾರದು, ಇಟ್ಟ ವಸ್ತು ಇಟ್ಟವರೊಂದಿಗೇ ಮಣ್ಣಾಗಬಾರದು. ಈ ಮೂರನ್ನೂ ಮೊದಲೇ ಯೋಚಿಸುವುದು ಒಳ್ಳೆಯದು.

ಹಿರಿಯರ ಗುಪ್ತ ಜಾಗಗಳು

ಗುಪ್ತ ಜಾಗ ಈ ಸೀಮೆಗೆ ಹೊಸದಲ್ಲ. ಹಳೆಯ ವಾಡೆಗಳ ಕಲ್ಲುಮಣ್ಣಿನ ಗೋಡೆಗಳು ಎರಡರಿಂದ ಮೂರು ಅಡಿ ದಪ್ಪ ಇರುತ್ತಿದ್ದವು. ಅಷ್ಟು ದಪ್ಪದ ಗೋಡೆಯಲ್ಲಿ ದೀಪ ಇಡಲು, ಪುಸ್ತಕ ಇಡಲು ಮಾಡಗಳನ್ನು ಬಿಡುತ್ತಿದ್ದರು. ಕೆಲವು ಮಾಡಗಳ ಒಳಬದಿಯಲ್ಲಿ ಇನ್ನೊಂದು ಸಣ್ಣ ಗೂಡು ಇರುತ್ತಿತ್ತು. ಅದರ ಬಾಯಿಗೆ ಹಲಗೆಯೊಂದನ್ನು ಕೂರಿಸಿ ಮೇಲೆ ಮಣ್ಣು ಸವರಿ ಸಾರಿಸಿಬಿಟ್ಟರೆ ಹೊರಗಿನವರಿಗೆ ಬರೀ ಗೋಡೆಯೇ ಕಾಣುತ್ತಿತ್ತು.

ದೊಡ್ಡ ಒಕ್ಕಲುತನದ ಮನೆಗಳಲ್ಲಿ ಇದಕ್ಕಿಂತ ದೊಡ್ಡ ಏರ್ಪಾಟು ಇತ್ತು. ಎರಡು ಗೋಡೆಗಳ ನಡುವೆ ಕಿರಿದಾದ ಪೊಳ್ಳು ಬಿಟ್ಟು, ಮೇಲಿನ ಮಾಳಿಗೆಯಿಂದ ಕಾಳು ಸುರಿಯುವ ವ್ಯವಸ್ಥೆ ಅದು. ಮರಾಠಿಯಲ್ಲಿ ಇದಕ್ಕೆ 'ಬಳದ' ಎನ್ನುತ್ತಾರೆ. ಕೆಳಗಿನ ಕೋಣೆಯಲ್ಲಿ ನಿಂತವರಿಗೆ ಗೋಡೆಯ ಹಿಂದೆ ಜೋಳ ತುಂಬಿದೆ ಎಂಬ ಸುಳಿವೇ ಸಿಗುತ್ತಿರಲಿಲ್ಲ.

ಎಲ್ಲಕ್ಕಿಂತ ಹೆಚ್ಚು ಬಳಕೆಯಲ್ಲಿದ್ದುದು ಹಗೇವು. ಮರಾಠಿಗರ ಬಾಯಲ್ಲಿ ಇದೇ 'ಪೇವ'. ಊರಿನ ಗಟ್ಟಿ ಬಿಳಿಮಣ್ಣಿನ ನೆಲದಲ್ಲಿ, ಅಂಗಳದಲ್ಲಿಯೋ ಪಡಸಾಲೆಯ ಒಳಗೋ, ಬಾಯಿ ಚಿಕ್ಕದು ಹೊಟ್ಟೆ ದೊಡ್ಡದು ಆಗುವಂತೆ ಆಳದ ಗುಂಡಿ ತೋಡುತ್ತಿದ್ದರು. ಸುತ್ತಲೂ ಒಣ ಕಣಿಕೆ, ಹೊಟ್ಟು ಹಾಸಿ ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ, ಮೇಲೆ ಮಣ್ಣು ಮೆತ್ತುತ್ತಿದ್ದರು. ವರ್ಷಗಟ್ಟಲೆ ಕಾಳು ಕೆಡದೆ ಉಳಿಯುತ್ತಿತ್ತು. ಮೇಲೆ ನಡೆದಾಡುವವರಿಗೆ ಅದು ಬರಿಯ ನೆಲ.

ಹೀಗೆ ಅಡಗಿಸಲು ಕಾರಣಗಳೂ ಇದ್ದವು. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಪಿಂಡಾರಿಗಳ ದಂಡು ಊರೂರು ಸುಲಿಯುತ್ತಿತ್ತು. ಇಲ್ಲಿ ಬರಗಾಲ ಸದಾ ಬೆನ್ನ ಹಿಂದೆಯೇ ಇರುತ್ತಿದ್ದುದರಿಂದ ಎರಡು ವರ್ಷದ ಕಾಳು ಕೂಡಿಡದ ಮನೆಗೆ ಧೈರ್ಯವಿರಲಿಲ್ಲ. 1947-48ರಲ್ಲಿ ಅಕ್ಕಲಕೋಟ ಸಂಸ್ಥಾನಕ್ಕೆ ಹೊಂದಿಕೊಂಡ ಆಳಂದ, ಅಫಜಲಪುರ ಕಡೆಯ ಊರುಗಳು ಹೈದರಾಬಾದ್ ನಿಜಾಮನ ಆಡಳಿತದಲ್ಲಿದ್ದವು. ರಜಾಕಾರರ ಭಯ ಗಡಿಯ ಎರಡೂ ಕಡೆಗೆ ಹಬ್ಬಿತ್ತು. 1948ರ ಸೆಪ್ಟೆಂಬರಿನಲ್ಲಿ ಭಾರತದ ಸೇನೆ ಹೈದರಾಬಾದ್ ಪ್ರವೇಶಿಸಿದ ಮೇಲೆಯೇ ಆ ಭಯ ಕರಗಿದ್ದು.

ಅಂದಿನ ಭಯಗಳು ಈಗಿಲ್ಲ. ಅಂದಿನ ಗೋಡೆಗಳು ಮತ್ತು ಗುಂಡಿಗಳು ಮಾತ್ರ ಎಷ್ಟೋ ಮನೆಗಳಲ್ಲಿ ಇನ್ನೂ ಇವೆ. ದುರಸ್ತಿ ಮಾಡಿಸುವವರು ಮೊದಲು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದುದು ಇವನ್ನೇ.

ಕಾಳು ಕಾಯುವ ಗಾಳಿ ಆಳನ್ನು ಕೊಲ್ಲುತ್ತದೆ

ಹಗೇವಿನಲ್ಲಿ ಕಾಳು ಏಕೆ ಕೆಡುವುದಿಲ್ಲ? ಕಾಳಿಗೂ ಜೀವವಿದೆ, ಅದೂ ಉಸಿರಾಡುತ್ತದೆ. ಗಾಳಿಯಾಡದ ಗುಂಡಿಯಲ್ಲಿ ಕಾಳು ಮತ್ತು ಅದರೊಳಗಿನ ಹುಳುಗಳು ಇದ್ದ ಆಮ್ಲಜನಕವನ್ನೆಲ್ಲ ಬಳಸಿಕೊಂಡು ಇಂಗಾಲದ ಡೈ ಆಕ್ಸೈಡ್ ಬಿಡುತ್ತವೆ. ಆಮ್ಲಜನಕ ಮುಗಿದಾಗ ಹುಳುಗಳು ಸಾಯುತ್ತವೆ, ಕಾಳು ಉಳಿಯುತ್ತದೆ. ಔಷಧಿ ಇಲ್ಲದ ಕಾಲದಲ್ಲಿ ನಮ್ಮ ಹಿರಿಯರು ಕಂಡುಕೊಂಡ ಜಾಣ ಉಪಾಯ ಇದು.

ಹುಳು ಬದುಕದ ಗಾಳಿಯಲ್ಲಿ ಮನುಷ್ಯನೂ ಬದುಕುವುದಿಲ್ಲ. ಇಂಗಾಲದ ಡೈ ಆಕ್ಸೈಡ್ ಗಾಳಿಗಿಂತ ಭಾರ. ಮುಚ್ಚಳ ತೆಗೆದರೂ ಅದು ಗುಂಡಿಯ ತಳದಲ್ಲೇ ನಿಂತಿರುತ್ತದೆ. ಬಣ್ಣವಿಲ್ಲ, ಎಚ್ಚರಿಸುವಂಥ ವಾಸನೆಯೂ ಇಲ್ಲ. ಇಳಿದವನಿಗೆ ತಲೆ ತಿರುಗುತ್ತದೆ, ಕೂಗುವ ಮೊದಲೇ ಪ್ರಜ್ಞೆ ತಪ್ಪುತ್ತದೆ. ಏನಾಯಿತೆಂದು ನೋಡಲು ಇಳಿದ ಎರಡನೆಯವನೂ ಅಲ್ಲೇ ಬೀಳುತ್ತಾನೆ. ಇಂಥ ದುರಂತಗಳಲ್ಲಿ ಒಂದೇ ಮನೆಯ ಇಬ್ಬರು ಮೂವರು ಒಟ್ಟಿಗೆ ಸಾಯುವುದು ಇದೇ ಕಾರಣಕ್ಕೆ.

ಆದ್ದರಿಂದ ಫರಸಿ ಕೀಳುವಾಗ ಹಳೆಯ ಹಗೇವಿನ ಬಾಯಿ ಸಿಕ್ಕರೆ ಯಾರೂ ಇಳಿಯಬಾರದು. ಖಾಲಿ ಹಗೇವಿನಲ್ಲಿಯೂ ಅಪಾಯ ಇದ್ದೇ ಇರುತ್ತದೆ. ಹೊಟ್ಟು, ಕಸ, ತೇವ ಕೊಳೆತರೂ ಅದೇ ಕೆಟ್ಟ ಗಾಳಿ ತುಂಬಿಕೊಳ್ಳುತ್ತದೆ. ಕಂದೀಲು ಇಳಿಬಿಟ್ಟು ನೋಡುವ ಹಳೆಯ ಪದ್ಧತಿಯನ್ನು ಪೂರ್ತಿ ನಂಬುವಂತಿಲ್ಲ. ದೀಪ ಆರಿದರೆ ಇಳಿಯಬಾರದು ಎಂಬುದು ಖಚಿತ. ಆದರೆ ದೀಪ ಉರಿಯುತ್ತಿದೆ ಎಂದಮಾತ್ರಕ್ಕೆ ಇಳಿಯಬಹುದು ಎಂಬ ಖಾತ್ರಿ ಇಲ್ಲ. ಒಳಗಿನದನ್ನು ಮೇಲಿನಿಂದಲೇ ಹಗ್ಗ, ಬಕೆಟ್, ಕೊಕ್ಕೆಗಳಿಂದ ತೆಗೆಯಬೇಕು. ಅದು ಆಗದಿದ್ದರೆ ಬಿಟ್ಟುಬಿಡಬೇಕು. ಯಾರಾದರೂ ಒಳಗೆ ಬಿದ್ದರೆ ಬೇರೆಯವರು ಹಾರದೆ ಅಗ್ನಿಶಾಮಕ ದಳಕ್ಕೆ ಕರೆ ಮಾಡಬೇಕು. 101 ಅಥವಾ 112 ಒತ್ತಿದರೆ ಸಾಕು.

ಇನ್ನೊಂದು ತೊಂದರೆ ಮನೆ ಕಟ್ಟಿದ ಮೇಲೆ ಕಾಣಿಸಿಕೊಳ್ಳುತ್ತದೆ. ಹಗೇವು ಇದೆಯೆಂದು ತಿಳಿಯದೆ ಅದರ ಮೇಲೆ ಕಾಲಂ ಎಬ್ಬಿಸಿದರೆ ಒಂದೆರಡು ಮಳೆಗಾಲದಲ್ಲಿ ನೆಲ ಕುಸಿಯುತ್ತದೆ, ಗೋಡೆ ಸೀಳುತ್ತದೆ. ಪಾಯಾ ಅಗೆಯುವ ಮುನ್ನ ಮನೆಯ ಮತ್ತು ಓಣಿಯ ಹಿರಿಯರನ್ನು 'ಇಲ್ಲಿ ಹಗೇವು ಇತ್ತೇ' ಎಂದು ಕೇಳಬೇಕು. ಹಾರೆಯಿಂದ ನೆಲ ಗುದ್ದಿದಾಗ ಪೊಳ್ಳು ಸದ್ದು ಬಂದರೆ, ಮಳೆ ನೀರು ಒಂದೇ ಕಡೆ ಇಂಗುತ್ತಿದ್ದರೆ ಅನುಮಾನ ಪಡಬೇಕು. ಸಿಕ್ಕ ಹಗೇವಿಗೆ ಮನೆ ಕೆಡವಿದ ಹಳೆಮಣ್ಣನ್ನು ಸುಮ್ಮನೆ ಸುರಿದರೆ ಸಾಲದು. ಮುರುಮನ್ನು ಅರ್ಧ ಅಡಿಯಂತೆ ಹರಡಿ, ನೀರು ಚಿಮುಕಿಸಿ, ಧಮ್ಮಸ್ಸು ಮಾಡುತ್ತ ಮೇಲೆ ಬರಬೇಕು.

ಕಿಲ್ಲಾರಿ ಕಲಿಸಿದ ಪಾಠ

ಹಳೆಯ ಗೋಡೆ ಮೂರು ಅಡಿ ದಪ್ಪವಿದೆ, ಅದರಲ್ಲಿ ಒಂದು ಅಡಿ ಕೊರೆದು ತಿಜೋರಿ ಕೂರಿಸಿದರೆ ಏನಾದೀತು ಎಂದು ಅನೇಕರಿಗೆ ಅನ್ನಿಸುತ್ತದೆ. ಆ ದಪ್ಪ ಕಣ್ಣಿಗೆ ಕಾಣುವಷ್ಟು ಗಟ್ಟಿಯಲ್ಲ.

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರ ಜಿಲ್ಲೆಯ ಕಿಲ್ಲಾರಿ ಸುತ್ತಮುತ್ತ ಭೂಕಂಪವಾಯಿತು. ಅಕ್ಕಲಕೋಟದಿಂದ ನೇರ ದೂರ ನೂರು ಕಿಲೋಮೀಟರಿಗೂ ಕಡಿಮೆ. ಅದರ ತೀವ್ರತೆ ಸುಮಾರು 6.2. ಹತ್ತಿರ ಹತ್ತಿರ 10 ಸಾವಿರ ಜನ ಸತ್ತರು. ಅವರಲ್ಲಿ ಬಹುಪಾಲು ಮಂದಿ ತಮ್ಮದೇ ಮನೆಯ ಕಲ್ಲುಮಣ್ಣಿನ ಕೆಳಗೆ ಹೂತುಹೋದವರು. ಅವರ ಮನೆಗಳೂ ನಮ್ಮ ಭಾಗದ ಮಾಳಿಗೆ ಮನೆಗಳಂಥವೇ ಆಗಿದ್ದವು.

ಅಲ್ಲಿ ಆದದ್ದೇನು ಎಂಬುದನ್ನು ಎಂಜಿನಿಯರುಗಳು ಬಳಿಕ ಬಿಡಿಸಿ ಹೇಳಿದರು. ಇಂಥ ಗೋಡೆ ನೋಡಲು ಒಂದೇ ಆದರೂ ನಿಜದಲ್ಲಿ ಅದು ಎರಡು ಗೋಡೆ. ಹೊರಗೊಂದು ಕಲ್ಲಿನ ಸಾಲು, ಒಳಗೊಂದು ಕಲ್ಲಿನ ಸಾಲು, ನಡುವೆ ಕಲ್ಲುಚೂರು ಮತ್ತು ಮಣ್ಣು. ಎರಡನ್ನೂ ಹಿಡಿದಿಡಲು ಗೋಡೆಯ ಪೂರ್ತಿ ದಪ್ಪಕ್ಕೆ ಹಾಯುವ ಉದ್ದಗಲ್ಲುಗಳು ಇರಬೇಕಿತ್ತು. ಹೆಚ್ಚಿನ ಮನೆಗಳಲ್ಲಿ ಅವು ಇರಲಿಲ್ಲ. ನೆಲ ಅಲುಗಿದಾಗ ಎರಡು ಸಾಲುಗಳು ಬೇರೆಯಾಗಿ ಉರುಳಿದವು. ಮಾಳಿಗೆಯ ಮೇಲಿದ್ದ ಮಣ್ಣಿನ ಭಾರ ಅನಾಹುತವನ್ನು ಇನ್ನಷ್ಟು ಹೆಚ್ಚಿಸಿತು.

ಇಂಥ ಗೋಡೆಯ ಒಳಬದಿಯಲ್ಲಿ ಗೂಡು ಕೊರೆಯುವುದೆಂದರೆ ಎರಡು ಸಾಲುಗಳಲ್ಲಿ ಒಂದನ್ನು ಕತ್ತರಿಸಿದಂತೆ. ನಡುವಿನ ಸಡಿಲ ಮಣ್ಣು ಆ ಜಾಗಕ್ಕೆ ಜಾರುತ್ತದೆ, ಮೇಲಿನ ಕಲ್ಲುಗಳಿಗೆ ಆಸರೆ ತಪ್ಪುತ್ತದೆ. ಭೂಕಂಪವೇ ಬೇಕಿಲ್ಲ, ಒಂದು ಜೋರು ಮಳೆಯಲ್ಲಿ ಗೋಡೆ ನೆನೆದರೂ ಸಾಕು. ಹಿರಿಯರು ಬಿಟ್ಟ ಮಾಡಗಳು ಗೋಡೆ ಕಟ್ಟುವಾಗಲೇ ಮೇಲೆ ಹಲಗೆಯೋ ಕಲ್ಲೋ ಕೂರಿಸಿ ಬಿಟ್ಟವು. ನಿಂತ ಗೋಡೆಯನ್ನು ಕೊರೆದು ಮಾಡಿದವಲ್ಲ. ಈ ವ್ಯತ್ಯಾಸ ಮುಖ್ಯ.

ಕಲ್ಲಿನ ಗೋಡೆಗಳಿಗೂ ಅನ್ವಯಿಸುವ ಭಾರತೀಯ ಮಾನಕ ಐಎಸ್ 13828 ಎತ್ತರದಲ್ಲಿ ಪ್ರತಿ ಎರಡು ಅಡಿಗೆ, ಉದ್ದದಲ್ಲಿ ನಾಲ್ಕು ಅಡಿಗೆ ಮೀರದಂತೆ ಉದ್ದಗಲ್ಲು ಇರಬೇಕು ಎನ್ನುತ್ತದೆ. ಹಳೆಯ ಗೋಡೆ ಉಳಿಸಿಕೊಳ್ಳುವವರು ಗೂಡು ಕೊರೆಯುವ ಖರ್ಚನ್ನು ಅದನ್ನು ಗಟ್ಟಿ ಮಾಡಲು ಹಾಕಿದರೆ ಮನೆಗೆ ಹಿತ. ಕಿಲ್ಲಾರಿಯ ನಂತರ ದುರಸ್ತಿಯಲ್ಲಿ ಬಳಸಿದ ಉಪಾಯವೆಂದರೆ ಗೋಡೆಯಲ್ಲಿ ಅಲ್ಲಲ್ಲಿ ಒಂದೊಂದೇ ಕಲ್ಲು ಬಿಡಿಸಿ, ಆ ತೂತಿನಲ್ಲಿ ಸರಳು ಇಟ್ಟು ಕಾಂಕ್ರೀಟ್ ತುಂಬಿ ಎರಡು ಸಾಲುಗಳನ್ನು ಜೋಡಿಸುವುದು. ಇದನ್ನು ತಿಳಿದ ಎಂಜಿನಿಯರ್ ನಿಂತು ಮಾಡಿಸಬೇಕು. ಮಾಳಿಗೆಯ ಮಣ್ಣನ್ನು ತೆಳುವು ಮಾಡುವುದೂ ಅಷ್ಟೇ ಅಗತ್ಯ.

ಅಂಕಣದ ಮನೆಗಳಲ್ಲಿ ಮಾಳಿಗೆಯ ಭಾರ ಹೊರುವುದು ಮರದ ಕಂಬ ಮತ್ತು ತೊಲೆಗಳು. ಗುಪ್ತ ಕಪಾಟಿಗೆ ಅಡ್ಡ ಬಂತೆಂದು ಕಂಬ ಸರಿಸುವುದು, ತೊಲೆಯ ತುದಿ ಕೊಯ್ಯುವುದು ಎಂದೂ ಕೂಡದು.

ಇಟ್ಟಂಗಿ ಗೋಡೆಯಲ್ಲಿ ಎಷ್ಟು ಕೊರೆಯಬಹುದು?

ಇಟ್ಟಂಗಿ ಗೋಡೆಗೂ ಮಿತಿ ಇದೆ. ಐಎಸ್ 1905 ಎಂಬ ಮಾನಕದ ಪ್ರಕಾರ ಭಾರ ಹೊರುವ ಗೋಡೆಯಲ್ಲಿ ಉದ್ದಕ್ಕೆ, ಅಂದರೆ ಮೇಲಿಂದ ಕೆಳಕ್ಕೆ ಕೊರೆಯುವ ಕಾಲುವೆ ಗೋಡೆಯ ದಪ್ಪದ ಮೂರನೇ ಒಂದು ಭಾಗ ಮೀರಬಾರದು. ಅಡ್ಡಡ್ಡ ಕೊರೆಯುವುದಾದರೆ ಆರನೇ ಒಂದು ಭಾಗ ಅಷ್ಟೇ. 9 ಇಂಚಿನ ಗೋಡೆಗೆ ಲೆಕ್ಕ ಹಾಕಿದರೆ ಉದ್ದಕ್ಕೆ 3 ಇಂಚು, ಅಡ್ಡಕ್ಕೆ ಒಂದೂವರೆ ಇಂಚು. ಒಂದು ಅಡಿಗಿಂತ ಅಗಲವಾದ ಗೂಡಿನ ಮೇಲೆ ಲಿಂಟೆಲ್ ಬೇಕೇಬೇಕು. ಮೂರು ಇಂಚಿನಲ್ಲಿ ಕಾಗದಪತ್ರದ ಚೀಲ ಹಿಡಿಯಬಹುದು, ಕಬ್ಬಿಣದ ತಿಜೋರಿ ಹಿಡಿಯುವುದಿಲ್ಲ. ಮನೆಯ ಮೂಲೆಯಿಂದ ಮತ್ತು ಬಾಗಿಲು, ಕಿಟಕಿಗಳಿಂದ ಎರಡು ಅಡಿಯಾದರೂ ದೂರವಿರುವುದು ಸುರಕ್ಷಿತ.

ಕಾಲಂ, ಬೀಮ್ ಇರುವ ಆರ್‌ಸಿಸಿ ಮನೆಯಲ್ಲಿ ನಡುವಿನ ಇಟ್ಟಂಗಿ ಗೋಡೆ ಭಾರ ಹೊರುವುದಿಲ್ಲವಾದ್ದರಿಂದ ಅಲ್ಲಿ ಸ್ವಲ್ಪ ಸಲೀಸು. ಆದರೆ ಕಾಲಂ, ಬೀಮ್, ಸ್ಲ್ಯಾಬುಗಳಿಗೆ ಉಳಿ ತಾಗಿಸಬಾರದು. ಒಳಗಿನ ಸರಳು ಹೊರಬಿದ್ದರೆ ತುಕ್ಕು ಶುರುವಾಗುತ್ತದೆ.

ಇನ್ನು ಸಾಮಾಯಿಕ ಗೋಡೆ. ಹಳೆಯ ಓಣಿಗಳಲ್ಲಿ ಎರಡು ಮನೆಗಳ ನಡುವೆ ಒಂದೇ ಗೋಡೆ ಇರುವುದು ಸಾಮಾನ್ಯ. ಅದರಲ್ಲಿ ಗುಟ್ಟಾಗಿ ಗೂಡು ಕೊರೆದರೆ ಗುಟ್ಟು ಉಳಿಯುವುದಿಲ್ಲ. ಮೊದಲ ಏಟಿಗೇ ಪಕ್ಕದ ಮನೆಯ ಗಿಲಾವು ಉದುರುತ್ತದೆ, ಅಣ್ಣತಮ್ಮಂದಿರ ನಡುವಿನ ವ್ಯಾಜ್ಯ ಕೋರ್ಟಿಗೆ ಹೋಗುತ್ತದೆ.

ಗೋಡೆ ಮುಟ್ಟದೆ ಅಡಗಿಸುವ ದಾರಿಗಳು

ಅನುಭವಿ ಬಡಿಗರು ಗೋಡೆಗೆ ಕೈ ಹಾಕುವುದಿಲ್ಲ. ಮನೆಯಲ್ಲಿ ಈಗಾಗಲೇ ಪೊಳ್ಳಾಗಿರುವ ಜಾಗಗಳನ್ನು ಹುಡುಕುತ್ತಾರೆ. ಅಂಥ ಜಾಗಗಳು ಬಹಳಷ್ಟಿವೆ.

* ಮೆಟ್ಟಿಲ ಕೆಳಗಿನ ಇಳಿಜಾರು. ಮುಂದಿನ ಅರ್ಧಕ್ಕೆ ಪೊರಕೆ, ಚಪ್ಪಲಿಗಳ ಕಪಾಟು ಮಾಡಿ, ಅದರ ಹಿಂಬದಿಯ ಹಲಗೆಯನ್ನು ತೆರೆಯುವಂತೆ ಕೂರಿಸಿದರೆ ಹಿಂದಿನ ಅರ್ಧ ಗುಪ್ತವಾಗಿ ಉಳಿಯುತ್ತದೆ.

* ಕಪಾಟಿನ ತಳ. ನೆಲ ಮತ್ತು ಮೊದಲ ಹಲಗೆಯ ನಡುವೆ ಮೂರ್ನಾಲ್ಕು ಇಂಚಿನ ಪೊಳ್ಳು ಇರುತ್ತದೆ. ಮುಂದಿನ ಪಟ್ಟಿ ಕಳಚುವಂತಿದ್ದರೆ ಅಲ್ಲೊಂದು ತಟ್ಟೆಯಂಥ ಪೆಟ್ಟಿಗೆ ಸರಿಸಬಹುದು. ಅಡಿಗೆಮನೆಯ ಕಟ್ಟೆಯ ಕೆಳಗೂ ಹೀಗೆ ಮಾಡಬಹುದು, ಆದರೆ ಅಲ್ಲಿ ನೀರಿನ ಪೈಪು ದೂರವಿರಬೇಕು.

* ಎರಡು ಬೆನ್ನಿನ ಕಪಾಟು. ಎರಡು ಅಡಿ ಆಳದ ಕಪಾಟಿಗೆ ಒಂದೂವರೆ ಅಡಿಗೇ ಸುಳ್ಳು ಬೆನ್ನು ಕೂರಿಸುವುದು. ತುಂಬಿದ ಬಟ್ಟೆಗಳ ಹಿಂದೆ ಅರ್ಧ ಅಡಿ ಯಾರಿಗೂ ಲೆಕ್ಕಕ್ಕೆ ಬರುವುದಿಲ್ಲ.

* ಕಿಟಕಿ ಕೆಳಗಿನ ಕಟ್ಟೆ ಅಥವಾ ಮಂಚದ ಪೆಟ್ಟಿಗೆಯ ಒಳಗೆ ಇನ್ನೊಂದು ತಳ.

ಇಲ್ಲಿ ಎರಡು ಎಚ್ಚರ ಬೇಕು. ಬೆಂಕಿ ಮತ್ತು ಗೆದ್ದಲಿಗೆ ಗುಪ್ತ ಜಾಗ ಎಂಬ ಭೇದವಿಲ್ಲ. ಗುಪ್ತ ಪೆಟ್ಟಿಗೆಯ ಹಿಂದೆ ವಿದ್ಯುತ್ ತಂತಿಯ ಜೋಡಣೆ ಇರಬಾರದು. ಹೊರಗೋಡೆಗೆ ತಾಗಿದ ಜಾಗಕ್ಕಿಂತ ಒಳಗೋಡೆಯ ಬದಿ ವಾಸಿ, ಮಳೆಗಾಲದ ತೇವ ಅಲ್ಲಿಗೆ ಬರುವುದಿಲ್ಲ. ಎಷ್ಟೇ ಜಾಣತನದಿಂದ ಮಾಡಿದರೂ ಕಟ್ಟಿಗೆಯ ಗುಪ್ತ ಪೆಟ್ಟಿಗೆ ಕಳ್ಳನನ್ನು ತಡಮಾಡಿಸುತ್ತದೆ, ತಡೆಯುವುದಿಲ್ಲ. ದಿನಬಳಕೆಯ ಒಡವೆ, ಸ್ವಲ್ಪ ನಗದು, ಕಾಗದಪತ್ರಕ್ಕೆ ಅದು ಸಾಕು. ಇಡೀ ಮನೆತನದ ಬಂಗಾರಕ್ಕೆ ಬ್ಯಾಂಕಿನ ಲಾಕರೇ ಸರಿ. ರಿಸರ್ವ್ ಬ್ಯಾಂಕ್ 2022ರ ಜನವರಿ 1ರಿಂದ ಜಾರಿಗೆ ತಂದ ನಿಯಮದಂತೆ ಬೆಂಕಿ, ಕಳವು, ಕಟ್ಟಡ ಕುಸಿತ ಅಥವಾ ಸಿಬ್ಬಂದಿಯ ವಂಚನೆಯಿಂದ ಲಾಕರಿನ ವಸ್ತು ಹೋದರೆ ವಾರ್ಷಿಕ ಬಾಡಿಗೆಯ ನೂರು ಪಟ್ಟಿನವರೆಗೆ ಬ್ಯಾಂಕು ಹೊಣೆ. ಪ್ರವಾಹ, ಭೂಕಂಪಗಳಂಥ ವಿಕೋಪಕ್ಕೆ ಈ ಹೊಣೆ ಇಲ್ಲ.

ಗುಪ್ತ ಕೋಣೆ ಬೇಕೆನ್ನುವವರಿಗೆ

ಪೆಟ್ಟಿಗೆ ಸಾಲದು, ಒಂದು ಕೋಣೆಯೇ ಬೇಕು ಎನ್ನುವವರೂ ಇದ್ದಾರೆ. ಉದ್ದ ಕೋಣೆಯ ಒಂದು ತುದಿಯಲ್ಲಿ ಮೂರ್ನಾಲ್ಕು ಅಡಿ ಬಿಟ್ಟು ಅಡ್ಡಗೋಡೆ ಎತ್ತಿ, ಬಾಗಿಲಿನ ಜಾಗದಲ್ಲಿ ಕಪಾಟು ನಿಲ್ಲಿಸುವುದು ಸಾಮಾನ್ಯ ವಿಧಾನ. ಕಪಾಟೇ ಬಾಗಿಲಿನಂತೆ ತಿರುಗುತ್ತದೆ. ತುಂಬಿದ ಕಪಾಟು ಭಾರವಾದ್ದರಿಂದ ಸಾಧಾರಣ ತಿರುಗಣೆ ಕೆಲವೇ ತಿಂಗಳಲ್ಲಿ ಜೋಲುತ್ತದೆ. ಮೇಲೆ ಮತ್ತು ಕೆಳಗೆ ಕಬ್ಬಿಣದ ಗೂಟದ ಮೇಲೆ ತಿರುಗುವ ವ್ಯವಸ್ಥೆ ಬೇಕು, ಕೆಳಗಿನ ಗೂಟ ನೆಲದಲ್ಲಿ ಭದ್ರವಾಗಿರಬೇಕು.

ಮೇಲಂತಸ್ತಿನಲ್ಲಿ ಅಡ್ಡಗೋಡೆ ಎತ್ತುವಾಗ ಭಾರದ ಲೆಕ್ಕ ಮರೆಯಬಾರದು. ಹತ್ತು ಅಡಿ ಉದ್ದ, ಹತ್ತು ಅಡಿ ಎತ್ತರದ ಅರ್ಧ ಇಟ್ಟಂಗಿ ಗೋಡೆಯ ತೂಕ ಸುಮಾರು ಎರಡು ಟನ್. ಕೆಳಗೆ ಬೀಮ್ ಇಲ್ಲದ ಕಡೆ ಇಷ್ಟು ಭಾರ ಹೇರಿದರೆ ಸ್ಲ್ಯಾಬ್ ಬಾಗುತ್ತದೆ, ಬಿರುಕು ಬಿಡುತ್ತದೆ. ಪ್ಲೈವುಡ್ ಇಲ್ಲವೇ ಸಿಮೆಂಟ್ ಹಲಗೆಯ ಗೋಡೆ ಅಲ್ಲಿಗೆ ಸಾಕು.

ನೆಲಮಾಳಿಗೆಯ ಆಸೆ ಇರುವವರು ಮಣ್ಣನ್ನು ನೋಡಬೇಕು. ಹಿರಿಯರು ತೋಡಿದ್ದು ಗಾವಠಾಣದ ಗಟ್ಟಿ ಬಿಳಿಮಣ್ಣಿನಲ್ಲಿ. ಈಗಿನ ಮನೆಗಳು ಊರ ಹೊರಗಿನ ಎರೆಹೊಲದಲ್ಲಿ ಏಳುತ್ತಿವೆ. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಆ ಒತ್ತಡಕ್ಕೆ ನೆಲದೊಳಗಿನ ಗೋಡೆ ಬಾಗುತ್ತದೆ, ನೀರು ಒಸರುತ್ತದೆ. ಭೀಮಾ ದಂಡೆಯ ಊರುಗಳಲ್ಲಂತೂ ಈ ಯೋಚನೆಯನ್ನೇ ಬಿಡಬೇಕು. 2020ರ ಅಕ್ಟೋಬರಿನ ಪ್ರವಾಹದಲ್ಲಿ ನದಿ ಎಲ್ಲಿಯವರೆಗೆ ಬಂದಿತ್ತೆಂಬುದು ಆ ಊರಿನವರಿಗೆ ನೆನಪಿದೆ.

ಗುಪ್ತ ಕೋಣೆ ಎಲ್ಲಿಯೇ ಇರಲಿ, ಈ ನಾಲ್ಕು ನಿಯಮ ತಪ್ಪಬಾರದು. ಮೇಲೊಂದು ಕೆಳಗೊಂದು ಗಾಳಿಕಿಂಡಿ ಇರಬೇಕು. ಬಾಗಿಲು ಒಳಗಿನಿಂದ ಕೀಲಿ ಇಲ್ಲದೆ, ಮಗುವಿನ ಕೈಗೂ ತೆರೆಯುವಂತಿರಬೇಕು. ಕಣ್ಣುಮುಚ್ಚಾಲೆ ಆಡುವ ಮಕ್ಕಳು ಮೊದಲು ಹುಡುಕುವುದೇ ಇಂಥ ಜಾಗವನ್ನು, ಹೊರಗಿನಿಂದ ಅಗುಳಿ ಬಿದ್ದರೆ ಕೂಗು ಯಾರಿಗೂ ಕೇಳಿಸುವುದಿಲ್ಲ. ಗ್ಯಾಸ್ ಸಿಲಿಂಡರ್ ಅಲ್ಲಿಡಬಾರದು, ಸೋರಿದ ಅನಿಲ ಗಾಳಿಗಿಂತ ಭಾರವಾಗಿ ನೆಲದಲ್ಲೇ ನಿಲ್ಲುತ್ತದೆ. ಇನ್ವರ್ಟರಿನ ಬ್ಯಾಟರಿಯೂ ಬೇಡ, ಚಾರ್ಜ್ ಆಗುವಾಗ ಅದು ಉರಿಯುವ ಹೈಡ್ರೋಜನ್ ಬಿಡುತ್ತದೆ.

ಕಾಳಿನ ಕೋಣೆಯಲ್ಲಿ ಗುಳಿಗೆ ಬೇಡ

ಗುಪ್ತ ಕೋಣೆ ಮಾಡಿಸಿದ ಒಕ್ಕಲಿಗರು ಅದರಲ್ಲಿ ಬೇಗನೆ ಜೋಳ, ಗೋಧಿ, ತೊಗರಿಯ ಚೀಲ ಒಟ್ಟುತ್ತಾರೆ. ಅದರ ಬೆನ್ನಿಗೇ ಹುಳುವಿನ ಗುಳಿಗೆಯೂ ಬರುತ್ತದೆ. ಅಂಗಡಿಯಲ್ಲಿ ಸಿಗುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆ ಗಾಳಿಯ ತೇವ ತಾಗಿದೊಡನೆ ಫಾಸ್ಫೀನ್ ಎಂಬ ವಿಷದ ಅನಿಲ ಬಿಡುತ್ತದೆ. ಆ ಅನಿಲ ಬಾಗಿಲ ಸಂದಿ, ಗೋಡೆಯ ಬಿರುಕುಗಳಿಂದ ಪಕ್ಕದ ಮಲಗುವ ಕೋಣೆಗೆ ನುಸುಳುತ್ತದೆ. ಅದಕ್ಕೆ ಮದ್ದಿಲ್ಲ. ಮಲಗಿದವರು, ಅದರಲ್ಲೂ ಸಣ್ಣ ಮಕ್ಕಳು ಏಳದೇ ಹೋದ ಪ್ರಸಂಗಗಳು ದೇಶದ ಹಲವು ಕಡೆ ನಡೆದಿವೆ. ಜನ ವಾಸಿಸುವ ಮನೆಯಲ್ಲಿ ಈ ಗುಳಿಗೆಯನ್ನು ಬಳಸಲೇಬಾರದು.

ಕಾಳನ್ನು ಚೆನ್ನಾಗಿ ಬಿಸಿಲಿಗೆ ಒಣಗಿಸಿ, ಆರಿದ ಮೇಲೆ ಗಾಳಿಯಾಡದ ದಪ್ಪ ಪ್ಲಾಸ್ಟಿಕ್ ಚೀಲ ಅಥವಾ ಮುಚ್ಚಳ ಬಿಗಿಯಾಗುವ ತಗಡಿನ ಕಣಜದಲ್ಲಿ ತುಂಬಿದರೆ ಸಾಕು. ಹಗೇವಿನ ಉಪಾಯವೇ ಅಲ್ಲಿ ಕೆಲಸ ಮಾಡುತ್ತದೆ. ವ್ಯತ್ಯಾಸವೆಂದರೆ ಅದರೊಳಗೆ ಮನುಷ್ಯ ಇಳಿಯಬೇಕಿಲ್ಲ.

ಹಳೆಯ ಗೋಡೆಯಲ್ಲಿ ಏನಾದರೂ ಸಿಕ್ಕರೆ

ದುರಸ್ತಿಯ ಕಾಲಕ್ಕೆ ಗೋಡೆ ಒಡೆದಾಗ ಗಡಿಗೆ, ನಾಣ್ಯ, ಒಡವೆ ಸಿಕ್ಕಿತೆಂಬ ಕತೆ ಪ್ರತಿ ಊರಿನಲ್ಲೂ ಇದೆ. ನಿಜಕ್ಕೂ ಸಿಕ್ಕರೆ ಕಾನೂನು ಏನು ಹೇಳುತ್ತದೆ ಎಂಬುದು ಮಾತ್ರ ಕೆಲವರಿಗೇ ಗೊತ್ತು.

ಮಹಾರಾಷ್ಟ್ರದಲ್ಲಿ 1878ರ ಭಾರತೀಯ ನಿಧಿ ಕಾಯ್ದೆ ಅನ್ವಯಿಸುತ್ತದೆ. ನೆಲದಲ್ಲಿ ಮಾತ್ರವಲ್ಲ, ನೆಲಕ್ಕೆ ಸೇರಿದ ಗೋಡೆಯಲ್ಲಿ ಅಡಗಿಸಿಟ್ಟದ್ದೂ ಅದರ ಲೆಕ್ಕದಲ್ಲಿ ನಿಧಿಯೇ. ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯದು ಸಿಕ್ಕರೆ ಏನು, ಎಲ್ಲಿ, ಯಾವಾಗ ಸಿಕ್ಕಿತೆಂದು ಜಿಲ್ಲಾಧಿಕಾರಿಗೆ ಲಿಖಿತವಾಗಿ ತಿಳಿಸಬೇಕು. ವಸ್ತುವನ್ನು ಸರ್ಕಾರಿ ಖಜಾನೆಗೆ ಒಪ್ಪಿಸಬೇಕು ಅಥವಾ ಜಾಮೀನು ಕೊಡಬೇಕು. ಜಿಲ್ಲಾಧಿಕಾರಿ ಪ್ರಕಟಣೆ ಹೊರಡಿಸಿ ವಿಚಾರಣೆ ನಡೆಸುತ್ತಾರೆ. ಮಾಲೀಕರಿಲ್ಲದ ನಿಧಿ ಎಂದು ತೀರ್ಮಾನವಾಗಿ, ಜಾಗದ ಒಡೆಯ ಬೇರೆಯವನಾಗಿದ್ದು ಇಬ್ಬರ ನಡುವೆ ಬೇರೆ ಒಪ್ಪಂದ ಇಲ್ಲದಿದ್ದರೆ ಸಿಕ್ಕವನಿಗೆ ಮುಕ್ಕಾಲು ಪಾಲು, ಜಾಗದವನಿಗೆ ಕಾಲು ಪಾಲು. ಸರ್ಕಾರ ಬೆಲೆ ಕೊಟ್ಟು ತಾನೇ ಪಡೆಯಲೂಬಹುದು. ತಿಳಿಸದೆ ಮುಚ್ಚಿಟ್ಟರೆ ಪಾಲು ಹೋಗುತ್ತದೆ, ಒಂದು ವರ್ಷದವರೆಗೆ ಸೆರೆವಾಸವೂ ಆಗಬಹುದು. ಕರ್ನಾಟಕದಲ್ಲಿ 1962ರ ಬೇರೆ ಕಾಯ್ದೆ ಇದೆ. ಗಡಿಯಾಚೆ ಮನೆ ಇರುವವರು ಅಲ್ಲಿಯ ನಿಯಮ ಕೇಳಿ ತಿಳಿಯಬೇಕು.

ಈ ಕಾಯ್ದೆಯ ಒಂದು ಅಂಶ ಗುಪ್ತ ಜಾಗ ಮಾಡಿಸುವವರಿಗೆ ನೇರವಾಗಿ ತಾಗುತ್ತದೆ. ನೂರು ವರ್ಷದೊಳಗೆ ಇಟ್ಟದ್ದು, ಇಟ್ಟವರು ನಮ್ಮ ಅಜ್ಜ ಎಂದು ಯಾರಾದರೂ ಹಕ್ಕು ಹೇಳಿದರೆ ಅವರು ಅದನ್ನು ಸಿವಿಲ್ ಕೋರ್ಟಿನಲ್ಲಿ ಸಾಬೀತು ಮಾಡಬೇಕಾದೀತು. ಯಾರಿಗೂ ಹೇಳದೆ, ಎಲ್ಲಿಯೂ ಬರೆಯದೆ ಇಟ್ಟ ಬಂಗಾರವನ್ನು ಮೊಮ್ಮಕ್ಕಳು ತಮ್ಮದೆಂದು ತೋರಿಸುವುದು ಹೇಗೆ?

ಗುಟ್ಟು ಒಬ್ಬರಲ್ಲೇ ಇರಬಾರದು

ಗುಪ್ತ ಜಾಗದಿಂದ ಆಗುವ ನಷ್ಟಗಳಲ್ಲಿ ಮರೆವಿನದೂ ಸಣ್ಣದಲ್ಲ. 2016ರ ನವೆಂಬರ್ 8ರಂದು 500 ಮತ್ತು 1000 ರೂಪಾಯಿ ನೋಟು ರದ್ದಾದಾಗ ಅವನ್ನು ಬ್ಯಾಂಕ್ ಖಾತೆಗೆ ಕಟ್ಟಲು ಆ ವರ್ಷದ ಕೊನೆಯವರೆಗೆ ಮಾತ್ರ ಅವಕಾಶವಿತ್ತು. ಮಾಡದಲ್ಲಿ, ಹಾಸಿಗೆಯಲ್ಲಿ, ಜೋಳದ ಡಬ್ಬಿಯಲ್ಲಿ ಅವ್ವಂದಿರು ಕೂಡಿಟ್ಟು ಮರೆತ ಹಣ ಆ ಗಡುವು ದಾಟಿದ ಮೇಲೆ ಬರೀ ಕಾಗದ. ನೋಟಿಗೆ ಗೆದ್ದಲು ಹತ್ತಿದರೂ ಅದೇ ಕತೆ.

ಮನೆಯಲ್ಲಿ ಒಡವೆ ಇದ್ದರೆ ಆದಾಯ ತೆರಿಗೆಯವರು ಒಯ್ದಾರು ಎಂಬ ಹೆದರಿಕೆಯಿಂದ ಕೆಲವರು ಸ್ವಂತ ಮಕ್ಕಳಿಗೂ ಹೇಳುವುದಿಲ್ಲ. ನೇರ ತೆರಿಗೆಗಳ ಕೇಂದ್ರ ಮಂಡಳಿಯ 1994ರ ಸೂಚನೆಯಂತೆ ಶೋಧನೆಯ ವೇಳೆಯಲ್ಲೂ ಮದುವೆಯಾದ ಹೆಂಗಸಿನ 500 ಗ್ರಾಂ, ಮದುವೆಯಾಗದವಳ 250 ಗ್ರಾಂ, ಗಂಡಸಿನ 100 ಗ್ರಾಂವರೆಗಿನ ಆಭರಣ ಜಪ್ತಿ ಮಾಡುವಂತಿಲ್ಲ. 2016ರ ಡಿಸೆಂಬರಿನಲ್ಲಿ ಸರ್ಕಾರ ಇದನ್ನು ಮತ್ತೆ ಸ್ಪಷ್ಟಪಡಿಸಿತ್ತು. ಸಾಧಾರಣ ಒಕ್ಕಲು ಮನೆಗೆ ಈ ಮಿತಿ ಸಾಕಷ್ಟಾಯಿತು.

ಗುಪ್ತ ಜಾಗವನ್ನು ಮನೆಯಲ್ಲಿ ಕನಿಷ್ಠ ಇಬ್ಬರು ಬಲ್ಲವರಿರಬೇಕು, ಅವರಲ್ಲಿ ಒಬ್ಬರು ಮುಂದಿನ ತಲೆಮಾರಿನವರಾಗಿರಬೇಕು. ಏನೇನು ಇಟ್ಟಿದೆ ಎಂಬ ಪಟ್ಟಿ, ಒಡವೆಯ ಫೋಟೊ, ಅಂಗಡಿಯ ಪಾವತಿ ಇವು ಬೇರೊಂದು ಕಡೆ ಇರಬೇಕು. ಉತಾರೆ, ಖರೀದಿ ಪತ್ರಗಳ ಪ್ರತಿಗಳನ್ನು ಮಗನದೋ ಮಗಳದೋ ಮೊಬೈಲಿನಲ್ಲಿ ಉಳಿಸಿಡಬೇಕು. ವರ್ಷಕ್ಕೊಮ್ಮೆ, ದೀಪಾವಳಿಯ ಲಕ್ಷ್ಮೀಪೂಜೆಯ ಹೊತ್ತಿಗೆ ತೆರೆದು ತೇವ, ಗೆದ್ದಲು ನೋಡಬೇಕು. ಗೌಂಡಿ ಗೋಡೆಗೆ ಉಳಿ ಇಡುವ ಮೊದಲೇ ಮನೆಯವರೆಲ್ಲ ಕೂತು ಇದನ್ನು ನಿಶ್ಚಯಿಸಿಕೊಂಡರೆ ಮುಂದಿನ ತಲೆಮಾರಿನವರು ಅಜ್ಜ ಇಟ್ಟದ್ದನ್ನು ಹುಡುಕಲು ಗೋಡೆ ಒಡೆಯುವ ಪ್ರಮೇಯ ಬರುವುದಿಲ್ಲ.